ಕಾರು ರೆಡಿ ಮಾಡುವಷ್ಟರಲ್ಲಿ ಕರೆಂಟ್ ಹೋಗ್ತದೆ: ಸರಳ ರೇಸಿಂಗ್ ಆಟ ಯಾರಿಗೆಲ್ಲ ಇಷ್ಟ?

ಹೂಮಳೆ (ಸುಂಟಿಕೊಪ್ಪ)

ಮೂರು ದಿನದಿಂದ ಬಿಡದೆ ಮಳೆ. ಕರೆಂಟ್ ಬಂದರೆ ಒಂದು ಗಂಟೆ, ಹೋದರೆ ಅರ್ಧ ದಿನ. ನಿನ್ನೆ ಸಂಜೆ ಕರೆಂಟ್ ಬಂದ ಕೂಡಲೇ ಹೊಸದಾಗಿ ತಗೊಂಡ ರೇಸಿಂಗ್ ಆಟ ಹಾಕಿದೆ. ಮೊದಲು ಅಪ್‌ಡೇಟ್ ಕೇಳಿತು. ಆಮೇಲೆ ಕಾರು ಆರಿಸಬೇಕು. ಟೈರ್ ಆರಿಸಬೇಕು. ಟೈರಿಗೆ ಗಾಳಿ ಎಷ್ಟು, ಸ್ಪ್ರಿಂಗ್ ಎಷ್ಟು ಗಟ್ಟಿ, ಚಕ್ರ ಎಷ್ಟು ಡಿಗ್ರಿ ವಾಲಬೇಕು, ಡಿಫರೆನ್ಷಿಯಲ್ ಎಷ್ಟು ಬಿಗಿ. ಇಷ್ಟೆಲ್ಲ ಮುಗಿಸಿ ಮೊದಲ ತಿರುವಿಗೆ ಬಂದಾಗ ಕರೆಂಟ್ ಹೋಯಿತು.

ನಮ್ಮ ಇನ್ವರ್ಟರ್ ಚಿಕ್ಕದು. ಟಿವಿ, ಎರಡು ಬಲ್ಬು, ನಿಂಟೆಂಡೊ ಸ್ವಿಚ್ ಅನ್ನುವ ಆಟದ ಯಂತ್ರ ಇಷ್ಟನ್ನು ಎಳೆಯುತ್ತದೆ. ಅದರಲ್ಲಿ ಸೆಗಾದ ಔಟ್‌ರನ್ ಇದೆ, 1986ರ ಆಟ. ಸ್ಟಾರ್ಟ್ ಒತ್ತಿದರೆ ಕೇಳುವುದು ಒಂದೇ ಪ್ರಶ್ನೆ: ರೇಡಿಯೋದಲ್ಲಿ ಯಾವ ಸಂಗೀತ ಬೇಕು? ಮೂಲ ಆಟದಲ್ಲಿ ಮೂರು ಇದ್ದವು. ಒಂದನ್ನು ಆರಿಸಿದರೆ ಸಮುದ್ರದ ದಂಡೆಯಲ್ಲಿ ಕೆಂಪು ಕಾರು ನಿಂತಿರುತ್ತದೆ, ಹೊರಡುವುದೇ. ಗೇರ್ ಎರಡೇ, ಲೋ ಮತ್ತು ಹೈ. ಪ್ರತಿ ಹಂತದ ಕೊನೆಗೆ ದಾರಿ ಎರಡಾಗಿ ಒಡೆಯುತ್ತದೆ. ಒಂದು ಸಲಕ್ಕೆ ಆಡಲು ಸಿಗುವುದು 5 ಹಂತ, ಆದರೆ ಆಟದೊಳಗೆ ಒಟ್ಟು 15 ಇವೆ. ಕೊನೆಗಳೂ 5. ಎಡಕ್ಕೆ ಹೋದರೆ ಬಲಗಡೆ ಏನಿತ್ತು ಎಂಬ ಆಸೆ ಉಳಿಯುತ್ತದೆ. ಪೂರ್ತಿ ಮುಗಿಸಲು ಐದಾರು ನಿಮಿಷ ಸಾಕು.

ಇದನ್ನು ಮಾಡಿದ ಯು ಸುಜುಕಿ ಇದನ್ನು ರೇಸಿಂಗ್ ಆಟ ಅನ್ನುವುದಿಲ್ಲ, ಡ್ರೈವಿಂಗ್ ಆಟ ಅನ್ನುತ್ತಾರೆ. ನನಗೆ ಬಹಳ ಹಿಡಿಸಿದ ಮಾತು. ಗೆಲ್ಲಬೇಕಾದ ಎದುರಾಳಿ ಅಲ್ಲಿ ಇಲ್ಲ. ಗಡಿಯಾರ ಇದೆ, ರೋಡಿನಲ್ಲಿ ಬೇರೆ ಗಾಡಿಗಳಿವೆ, ಅಷ್ಟೇ.

ಎರಡು ವರ್ಷದ ಹಿಂದೆ ನನಗೆ ಮೂರನೇ ಹಂತ ದಾಟಲು ಆಗುತ್ತಿರಲಿಲ್ಲ. ಈಗ ಐದೂ ಕೊನೆ ನೋಡಿ ಆಗಿದೆ. ಕಾರು 1986ರಲ್ಲಿ ಹೇಗಿತ್ತೋ ಹಾಗೇ ಇದೆ. ಅದಕ್ಕೆ ನಾನು ಒಂದು ನಟ್ಟು ಬದಲಿಸಿಲ್ಲ. ಪಳಗಿದ್ದು ನನ್ನ ಕೈ. ಗ್ಯಾರೇಜಿನಲ್ಲಿ ನಂಬರ್ ಏರಿಸಿ ಗೆದ್ದಾಗ ನನಗೆ ಈ ಖುಷಿ ಸಿಗುವುದಿಲ್ಲ. ನಿಮಗೆಲ್ಲ ಹೇಗೆ?

ಸ್ಪ್ಯಾನರ್ (ಕುಶಾಲನಗರ)

ಹೂಮಳೆ ಅಣ್ಣ, ನಾನು ಒಪ್ಪುವುದಿಲ್ಲ. ನನ್ನ ಕೆಲಸವೇ ಗ್ಯಾರೇಜಿನಲ್ಲಿ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ತೋಟದ ಜೀಪು ನಮ್ಮಲ್ಲಿಗೆ ಬಂದರೆ ಮೊದಲು ಕೇಳುವುದು: ಲೋಡ್ ಎಳೆಯಲಿಕ್ಕಾ, ರೋಡಲ್ಲಿ ಓಡಿಸಲಿಕ್ಕಾ? ಅದರ ಮೇಲೆ ಕ್ರೌನ್ ಪಿನಿಯನ್ ಲೆಕ್ಕ, ಅಂದರೆ ಚಕ್ರಕ್ಕೆ ಶಕ್ತಿ ಕೊಡುವ ಕೊನೆಯ ಹಲ್ಲುಚಕ್ರಗಳ ಲೆಕ್ಕ. ರೇಷಿಯೋ ಜಾಸ್ತಿ ಇಟ್ಟರೆ ಕೆಸರು ಏರಿನಲ್ಲಿ ಮೂಟೆ ಹೊತ್ತು ಸಲೀಸಾಗಿ ಹತ್ತುತ್ತದೆ. ಅದೇ ಜೀಪನ್ನು ಪಿರಿಯಾಪಟ್ಟಣದ ನೇರ ರೋಡಿಗೆ ತಗೊಂಡು ಹೋದರೆ ಇಂಜಿನ್ ಕಿರುಚುತ್ತದೆ, ಸ್ಪೀಡ್ ಮಾತ್ರ ಬರುವುದಿಲ್ಲ.

ಈ ವಿದ್ಯೆಯನ್ನು ನಾನು ಮೊದಲು ಕಲಿತದ್ದು ಗ್ರಾನ್ ಟುರಿಸ್ಮೊ 4ರಲ್ಲಿ. ಭಾವನ ಮನೆಯ ಪಿಎಸ್2 (ಪ್ಲೇಸ್ಟೇಷನ್ 2) ಆಟದ ಯಂತ್ರ. ಒಂದು ಟ್ರ್ಯಾಕಿನಲ್ಲಿ ಕೊನೆಯ ಗೇರ್ ಹಾಕುವ ಮೊದಲೇ ನೇರ ದಾರಿ ಮುಗಿಯುತ್ತಿತ್ತು. ಫೈನಲ್ ಗೇರ್ ರೇಷಿಯೋ (ಅದೇ ಕ್ರೌನ್ ಪಿನಿಯನ್ ಲೆಕ್ಕ) ಸ್ವಲ್ಪ ಜಾಸ್ತಿ ಮಾಡಿದೆ. ತಿರುವಿನಿಂದ ಹೊರಗೆ ಬರುವಾಗ ಕಾರು ಹಾರಿದ ಹಾಗೆ ಎದ್ದಿತು. ಅವತ್ತು ನನಗೆ ನಿದ್ದೆ ಬರಲಿಲ್ಲ. ಈಗ ಇದೇ ನನಗೆ ಅನ್ನ ಕೊಡುವ ಕೆಲಸ. ಹಾಗಿರುವಾಗ ಆ ಮೆನುಗಳನ್ನು ಸುಮ್ನೆ ಕಾಟ ಅಂದರೆ ಬೇಜಾರಾಗುತ್ತದೆ.

ಬಾಳೆಲೆ ಬಸ್ಸು (ಗೋಣಿಕೊಪ್ಪ)

ನಾನು ಹೂಮಳೆಯವರ ಕಡೆ. ಕಾರಣ ಬೇರೆ.

ವಿರಾಜಪೇಟೆಯಲ್ಲಿ ಕಾಲೇಜಿಗೆ ಹೋಗುವಾಗ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಸೈಬರ್ ಸೆಂಟರ್ ಇತ್ತು. ಗಂಟೆಗೆ 20 ರೂಪಾಯಿ. ನಾಲ್ಕು ಜನ ಐದೈದು ರೂಪಾಯಿ ಹಾಕಿ ಒಂದೇ ಕಂಪ್ಯೂಟರ್ ಮುಂದೆ ಕೂರುತ್ತಿದ್ದೆವು. ರೋಡ್ ರ‍್ಯಾಶ್. ಅದನ್ನು ಯಾರೂ ಯಾರಿಗೂ ಕಲಿಸಬೇಕಾಗಿರಲಿಲ್ಲ. ಓಡಿಸು, ಒದಿ, ಪಕ್ಕದವನ ಕೈಯಿಂದ ದೊಣ್ಣೆ ಕಿತ್ತುಕೋ. ಬೈಕಿನಿಂದ ಬಿದ್ದವನು ಎದ್ದು, ಓಡಿ ಬಂದು, ಬೈಕ್ ಹತ್ತಬೇಕು. ಅವನು ಓಡುವಷ್ಟು ಹೊತ್ತು ನಾವು ನಾಲ್ಕೂ ಜನ "ಓಡು, ಓಡು" ಎಂದು ಕೂಗುತ್ತಿದ್ದೆವು. ಸೆಂಟರ್ ಅಣ್ಣ ಎರಡು ಸಲ ಹೊರಗೆ ಹಾಕಿದ್ದಾರೆ.

2004ರಲ್ಲಿ ನೀಡ್ ಫಾರ್ ಸ್ಪೀಡ್ ಅಂಡರ್‌ಗ್ರೌಂಡ್ 2 ಬಂತು. ಒಳ್ಳೆಯ ಆಟ, ಸುಳ್ಳು ಹೇಳುವುದಿಲ್ಲ. ರಾತ್ರಿಯ ಊರು, ನಿಯಾನ್ ದೀಪ, ಒದ್ದೆ ರೋಡು. ಆದರೆ ಅದರಲ್ಲಿ ಬಂಪರ್, ಬಾನೆಟ್, ಸ್ಟಿಕ್ಕರ್, ರಿಮ್ಮು ಎಲ್ಲ ಬದಲಿಸಬೇಕು. ಕಾರಿನ ಅಂದಕ್ಕೆ ಸ್ಟಾರ್ ಕೊಡುತ್ತಾರೆ, ಸ್ಟಾರ್ ಸಾಲದಿದ್ದರೆ ಪತ್ರಿಕೆ ಮುಖಪುಟದ ಫೋಟೋಗೆ ಕರೆಯುವುದಿಲ್ಲ. ನಮ್ಮಲ್ಲೊಬ್ಬ ತನ್ನ ಪಾಲಿನ ಕಾಲು ಗಂಟೆ ಪೂರ್ತಿ ಬಣ್ಣ ಆರಿಸುತ್ತ ಕೂತ. ಅವನಿಗೆ ಖುಷಿ ಇತ್ತು. ಹಿಂದೆ ನಿಂತ ನಮಗೆ ಕೂಗಲು ಏನೂ ಇರಲಿಲ್ಲ. ನಿಧಾನವಾಗಿ ಒಬ್ಬೊಬ್ಬರೇ ಚಾ ಕುಡಿಯಲು ಎದ್ದು ಹೋದೆವು.

ನನಗೆ ಆಟ ಅಂದರೆ ಪಕ್ಕದಲ್ಲಿ ನಿಂತವನಿಗೂ ಅರ್ಥವಾಗಬೇಕು.

ಕಪ್ಪು ಬಾವುಟ (ಸೋಮವಾರಪೇಟೆ, ಈಗ ಮೈಸೂರು)

ಟ್ರ್ಯಾಕ್‌ಮೇನಿಯಾ ಹೆಸರು ಯಾರೂ ಎತ್ತಲಿಲ್ಲವಲ್ಲ!

ಫ್ರಾನ್ಸಿನ ನಡಿಯೊ ಮಾಡಿದ್ದು. ಮೊದಲನೆಯದು 2003ರಲ್ಲಿ ಬಂತು. ನಾನು ಆಡುವುದು 2008ರ ನೇಷನ್ಸ್ ಫಾರೆವರ್. ಬಿಟ್ಟಿ ಆಟ, ಹಳೆ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಎಲ್ಲರಿಗೂ ಒಂದೇ ಕಾರು. ಇಂಜಿನ್ ಏರಿಸುವ ಮಾತೇ ಇಲ್ಲ. ನಾಲ್ಕು ಬಾಣದ ಗುಂಡಿ ಸಾಕು. ಕಾರುಗಳು ಒಂದಕ್ಕೊಂದು ಡಿಕ್ಕಿಯೂ ಹೊಡೆಯುವುದಿಲ್ಲ, ಒಂದರ ಒಳಗಿಂದ ಇನ್ನೊಂದು ಹಾದು ಹೋಗುತ್ತದೆ. ಅಂದರೆ ಸೋತರೆ "ಅವನು ಗುದ್ದಿದ" ಅನ್ನುವ ಹಾಗಿಲ್ಲ, "ಅವನ ಕಾರು ಒಳ್ಳೇದು" ಅನ್ನುವ ಹಾಗೂ ಇಲ್ಲ. ಟ್ರ್ಯಾಕುಗಳು ಬಿಳಿ, ಹಸಿರು, ನೀಲಿ, ಕೆಂಪು, ಕಪ್ಪು ಅಂತ ಐದು ಬಣ್ಣದ ಸರಣಿ. ಕಪ್ಪಿಗೆ ಬಂದಾಗ ಬೆವರು ಇಳಿಯುತ್ತದೆ.

ಮೊದಲ ಟ್ರ್ಯಾಕ್ ಎ01 ಅರ್ಧ ನಿಮಿಷವೂ ಇಲ್ಲ. ಅದನ್ನು ನಾನು ಎಷ್ಟು ಸಲ ಓಡಿಸಿದ್ದೇನೋ ಲೆಕ್ಕ ಇಟ್ಟಿಲ್ಲ. ತಪ್ಪಿದರೆ ಒಂದು ಗುಂಡಿ, ಕಣ್ಣು ಮಿಟುಕಿಸುವುದರೊಳಗೆ ಮತ್ತೆ ಶುರುವಿನಲ್ಲಿ. ಸೆಕೆಂಡಿನ ನೂರನೇ ಭಾಗದಲ್ಲಿ ಲೆಕ್ಕ. ಒಂದು ಭಾನುವಾರ ಬೆಳಗ್ಗೆಯಿಂದ ಊಟದವರೆಗೆ ಕೂತು ಒಂದು ಸೆಕೆಂಡಿನ ಐದನೇ ಒಂದು ಭಾಗ ಇಳಿಸಿದೆ. ಏನು ಬದಲಾಯಿಸಿದೆ ಅಂದರೆ, ಒಂದು ತಿರುವಿಗೆ ಸ್ವಲ್ಪ ಮೊದಲೇ ಕೈ ಹಾಕಿದೆ. ಅಷ್ಟೇ.

ಸ್ಪ್ಯಾನರ್, ನೀವು ಫೈನಲ್ ಗೇರ್‌ನಲ್ಲಿ ಹುಡುಕಿದ್ದನ್ನು ನಾನು ಬೆರಳಿನಲ್ಲಿ ಹುಡುಕುತ್ತೇನೆ. ಹುಚ್ಚು ಒಂದೇ.

ಏಲಕ್ಕಿ (ನಾಪೋಕ್ಲು)

ನಮ್ಮ ಮನೆಯಲ್ಲಿ ನಡೆದದ್ದು ಹೇಳುತ್ತೇನೆ.

ನಮ್ಮ ಚಿಕ್ಕಪ್ಪ 30 ವರ್ಷದಿಂದ ಜೀಪು ಓಡಿಸುವವರು. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದು ಸುಳ್ಯಕ್ಕೆ ಮೂಟೆ ಸಾಗಿಸಿದವರು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಆ ರೋಡು ಮುಚ್ಚುವ ಎರಡು ದಿನದ ಮೊದಲೂ ಅಲ್ಲಿ ಹೋಗಿ ಬಂದಿದ್ದರು. ಆ ದಾರಿಯ ಒಂದೊಂದು ತಿರುವು ಅವರ ಮೈಯಲ್ಲೇ ಉಂಟು.

ಕಳೆದ ಹುತ್ತರಿಗೆ ಮನೆಗೆ ಬಂದಾಗ ನನ್ನ ತಮ್ಮ ಮೇಜಿಗೆ ಸ್ಟೀರಿಂಗ್ ವೀಲು ಬಿಗಿದು, ಕೆಳಗೆ ಪೆಡಲ್ ಇಟ್ಟು, ಅಸೆಟ್ಟೊ ಕೊರ್ಸಾ ಹಾಕಿಕೊಟ್ಟ. ನಿಜವಾದ ಕಾರಿನ ಲೆಕ್ಕದಲ್ಲೇ ಎಲ್ಲ ನಡೆಯುವ ಆಟ ಅದು. ಚಿಕ್ಕಪ್ಪನಿಗೆ ಇದು ನೀರು ಕುಡಿದಷ್ಟು ಸುಲಭ ಎಂದುಕೊಂಡಿದ್ದೆವು. ಎರಡನೇ ತಿರುವಿನಲ್ಲಿ ಕಾರು ಗಿರಕಿ ಹೊಡೆಯಿತು. ಮತ್ತೆ ಹೊರಟರು, ಮತ್ತೆ ಅಲ್ಲೇ. ಮೂರನೇ ಸಲ ಆದ ಮೇಲೆ ಕೈ ತೆಗೆದು ಕುರ್ಚಿಯ ಮೇಲೆ ಒತ್ತಿ ನೋಡಿದರು. "ಸೀಟಿನಲ್ಲಿ ಏನೂ ಗೊತ್ತಾಗ್ತಾ ಇಲ್ಲ ಮಗಾ" ಅಂದರು.

ಆಮೇಲೆ ಯೋಚಿಸಿದೆ. ಜೀಪಿನ ಹಿಂಭಾಗ ಜಾರಲು ಶುರುವಾದರೆ ಅದು ಮೊದಲು ಗೊತ್ತಾಗುವುದು ಸೊಂಟಕ್ಕೆ. ಕಣ್ಣಿಗೆ ಆಮೇಲೆ. ಮೇಜಿನ ಮುಂದಿನ ಕುರ್ಚಿ ಅಲುಗಾಡುವುದಿಲ್ಲ. ಇಂಥ ಸಿಮ್ಯುಲೇಟರ್ (ನಿಜದ ಹಾಗೇ ಓಡುವ ಆಟ) ಆಡುವವರು ಆ ಸುದ್ದಿಯನ್ನು ವೀಲಿನ ನಡುಕದಲ್ಲಿ, ಟೈರಿನ ಸದ್ದಿನಲ್ಲಿ ಓದಲು ಕಲಿಯುತ್ತಾರೆ. ಅದಕ್ಕೆ ದಿನಗಟ್ಟಲೆ ಅಭ್ಯಾಸ ಬೇಕು.

ತಮ್ಮ ಅದನ್ನು ತೆಗೆದು ಹೊರೈಜನ್ ಚೇಸ್ ಟರ್ಬೊ ಹಾಕಿದ. ಬ್ರೆಜಿಲ್‌ನವರು ಮಾಡಿ 2018ರಲ್ಲಿ ಬಿಟ್ಟ ಆಟ, ನಾಲ್ಕು ಜನ ಒಂದೇ ಟಿವಿಯಲ್ಲಿ ಆಡಬಹುದು. ಚಿಕ್ಕಪ್ಪನ ಕೈಗೆ ಕಂಟ್ರೋಲರ್ ಕೊಟ್ಟು ಎರಡು ಗುಂಡಿ ತೋರಿಸಿದ. ಮೊದಲ ರೇಸಿನಲ್ಲಿ ಕೊನೆಯವರು. ಎರಡನೆಯದರಲ್ಲಿ ತಿರುವು ಬಂದಾಗಲೆಲ್ಲ ಅವರ ಮೈ ಪೂರ್ತಿ ವಾಲುತ್ತಿತ್ತು. ಎಡ ತಿರುವಿಗೆ ಎಡ ಭುಜ ನನ್ನ ಭುಜಕ್ಕೆ ತಾಗುತ್ತಿತ್ತು. ಮಕ್ಕಳೆಲ್ಲ ಆಕ್ಸಿಲರೇಟರ್ ಬಿಡದೆ ಒತ್ತಿ ಹಿಡಿದು ರೋಡಿನಿಂದ ಹೊರಗೆ ಹೋಗುತ್ತಿದ್ದರು. ಚಿಕ್ಕಪ್ಪ ಮಾತ್ರ ತಿರುವಿಗೆ ಸ್ವಲ್ಪ ಮೊದಲು ಬೆರಳು ಎತ್ತುತ್ತಿದ್ದರು. ಮದೆನಾಡು ದಾಟಿ ಜೋಡುಪಾಲಕ್ಕೆ ಇಳಿಯುವಾಗ ಕಾಲು ಎತ್ತುವ ಹಾಗೆಯೇ. ಐದನೇ ರೇಸಿಗೆ ಮೊದಲನೆಯವರಾಗಿ ಬಂದರು.

"ಇದ್ರಲ್ಲಿ ರೋಡು ಕಾಣ್ತದೆ" ಅಂದರು. ಆ ಮಾತು ಇನ್ನೂ ನನ್ನ ಕಿವಿಯಲ್ಲಿದೆ.

ಬಾಳೆಲೆ ಬಸ್ಸು (ಗೋಣಿಕೊಪ್ಪ)

ಏಲಕ್ಕಿ ಅಕ್ಕ, ಚಿಕ್ಕಪ್ಪನಿಗೆ ನನ್ನ ನಮಸ್ಕಾರ ಹೇಳಿ. ಓದಿ ಕಣ್ಣು ತುಂಬಿ ಬಂತು.

ಗಣಿತ ಮೇಷ್ಟ್ರು (ಪೊನ್ನಂಪೇಟೆ)

ಎಲ್ಲರೂ ಒಂದು ವಿಷಯ ಬಿಟ್ಟಿದ್ದೀರಿ. ಎಷ್ಟೋ ಆರ್ಕೇಡ್ ಆಟಗಳು (ಕೂತ ಕೂಡಲೇ ಆಡಬಹುದಾದ ಸರಳ ಆಟಗಳು) ಒಳಗೊಳಗೇ ಕೈಯಾಡಿಸುತ್ತವೆ. ನೀವು ಮುಂದೆ ಹೋದರೆ ಹಿಂದಿನವರ ವೇಗ ಏರುತ್ತದೆ, ನೀವು ಹಿಂದೆ ಬಿದ್ದರೆ ಮುಂದಿನವರ ವೇಗ ಇಳಿಯುತ್ತದೆ. ರಬ್ಬರ್ ಬ್ಯಾಂಡ್ ಅನ್ನುತ್ತಾರೆ. ಎರಡು ಲ್ಯಾಪ್ ತಪ್ಪಿಲ್ಲದೆ ಓಡಿಸಿ, ಕೊನೆಯ ತಿರುವಿನಲ್ಲಿ ಒಂದು ತಪ್ಪು ಮಾಡಿದರೆ ಸೋಲು. ಹೂಮಳೆಯವರು "ಪಳಗಿದ್ದು ನನ್ನ ಕೈ" ಅಂದರಲ್ಲ, ಇಂಥ ಆಟದಲ್ಲಿ ಕೈಯ ಪಳಗುವಿಕೆಯನ್ನು ಅಳೆಯುವುದು ಹೇಗೆ?

ಆದರೆ ಇದಕ್ಕೆ ಇನ್ನೊಂದು ಮುಖವೂ ಇದೆ. ಮಾರಿಯೊ ಕಾರ್ಟ್‌ನಲ್ಲಿ ಹಿಂದೆ ಬಿದ್ದವರಿಗೆ ಒಳ್ಳೆಯ ಆಯುಧ ಸಿಗುತ್ತದೆ, ಮುಂದಿರುವವರಿಗೆ ಬಾಳೆಹಣ್ಣಿನ ಸಿಪ್ಪೆ, ನಾಣ್ಯ ಇಂಥದ್ದೇ ಜಾಸ್ತಿ. ನನ್ನ ಮೊಮ್ಮಗಳಿಗೆ ಆರು ವರ್ಷ. ಅವಳು ನನ್ನ ಜೊತೆ ಕೊನೆಯವರೆಗೆ ಆಡುತ್ತಾಳೆ, ಮಧ್ಯದಲ್ಲಿ ಅತ್ತು ಎದ್ದು ಹೋಗುವುದಿಲ್ಲ. ಅದಕ್ಕೆ ಈ ಲೆಕ್ಕವೇ ಕಾರಣ. ಮನೆ ಮಂದಿ ಒಟ್ಟಿಗೆ ಕೂತಾಗ ನಾನು ಅದನ್ನು ಮೋಸ ಅನ್ನುವುದಿಲ್ಲ. ಒಬ್ಬನೇ ಕೂತು ಟೈಮ್ ಇಳಿಸುವಾಗ ಮಾತ್ರ ಬೇಡ.

ಹೂಮಳೆ (ಸುಂಟಿಕೊಪ್ಪ)

ಮೇಷ್ಟ್ರೇ, ಒಪ್ಪಿದೆ. ಔಟ್‌ರನ್ ನನಗೆ ಹಿಡಿಸಲು ಇದೂ ಒಂದು ಕಾರಣ. ಅಲ್ಲಿ ಎದುರಾಳಿ ಗಡಿಯಾರ. ನಾನು ಚೆನ್ನಾಗಿ ಓಡಿಸಿದೆ ಅಂತ ಅದು ಬೇಗ ಓಡುವುದಿಲ್ಲ.

ಸ್ಪ್ಯಾನರ್, ಬೇಜಾರು ಮಾಡ್ಕೋಬೇಡಪ್ಪ. ನಿನ್ನ ಫೈನಲ್ ಗೇರ್ ಕಥೆ ಓದಿದ ಮೇಲೆ ನನ್ನ ಮಾತು ಸ್ವಲ್ಪ ತಿದ್ದಿಕೊಳ್ಳಬೇಕು ಅನಿಸಿತು. ನೀನು ಒಂದು ತೊಂದರೆ ಕಂಡೆ, ಕಾರಣ ಹುಡುಕಿದೆ, ಒಂದೇ ಒಂದು ಸಂಖ್ಯೆ ಬದಲಿಸಿದೆ, ಫಲ ಕಣ್ಣೆದುರೇ ಬಂತು. ಅದು ಕಲಿಕೆ. ನನಗೆ ಆಗದಿರುವುದು ಇನ್ನೊಂದು ಥರದ್ದು. ಎಲ್ಲ ಪಟ್ಟಿಯಲ್ಲೂ "ಹಂತ 3ರಿಂದ ಹಂತ 4ಕ್ಕೆ" ಅಂತ ಒತ್ತಿ, ಕಾರಿನ ಅಂಕ ಇಷ್ಟಾದರೆ ಮಾತ್ರ ಮುಂದಿನ ರೇಸು ಅನ್ನುವುದು. ಅಲ್ಲಿ ಬುದ್ಧಿಗೂ ಕೆಲಸ ಇಲ್ಲ, ಕೈಗೂ ಕೆಲಸ ಇಲ್ಲ.

ಕಿತ್ತಳೆ (ಮಡಿಕೇರಿ)

ಆ ಕೊನೆಯ ಮಾತು ನೂರಕ್ಕೆ ನೂರು ಸತ್ಯ. ಅಮ್ಮಂದಿರ ಕಡೆಯಿಂದ ಒಂದು ಮಾತು ಹೇಳುತ್ತೇನೆ.

ನನ್ನ ಮಗ 11 ವರ್ಷದವನು, ಮೊಬೈಲಿನಲ್ಲಿ ರೇಸಿಂಗ್ ಆಡುತ್ತಾನೆ. ಒಂದು ದಿನ ಪಕ್ಕದಲ್ಲಿ ಕೂತು ನೋಡಿದೆ. ಕಾರು ತನ್ನಷ್ಟಕ್ಕೆ ತಿರುಗುತ್ತದೆ. ಇವನು ಆಗಾಗ ವೇಗ ಏರಿಸುವ ನೈಟ್ರೊ ಗುಂಡಿ ಒತ್ತುತ್ತಾನೆ, ಯಾವ ದಾರಿ ಅಂತ ಆರಿಸುತ್ತಾನೆ. ಒಂದೂವರೆ ನಿಮಿಷದಲ್ಲಿ ರೇಸು ಮುಗಿಯಿತು. ಅದಾದ ಮೇಲೆ ಐದು ನಿಮಿಷ ಪೆಟ್ಟಿಗೆ ಒಡೆಯುವುದು, ಕಾರ್ಡು ಸೇರಿಸುವುದು, ಚುಕ್ಕಿ ಏರಿಸುವುದು, ನಾಳೆ ಬಾ ಅನ್ನುವ ಗಂಟೆ ಲೆಕ್ಕ. ನಾನು ನೋಡಿದ ಈ ಆಟದಲ್ಲಿ ಸರಳ ಆಗಿರುವುದು ಓಡಿಸುವ ಭಾಗ ಮಾತ್ರ. ತಲೆ ತಿನ್ನುವ ಭಾಗ ಹಾಗೇ ಉಂಟು. ತಿರುವು ತಗೊಳ್ಳುವ ಖುಷಿ ತೆಗೆದು ಅಂಗಡಿ ಇಟ್ಟರೆ ಅದನ್ನು ಸರಳ ಆಟ ಅನ್ನಬಾರದು.

ಅದನ್ನು ತೆಗೆಸಿ ಹಿಲ್ ಕ್ಲೈಂಬ್ ರೇಸಿಂಗ್ ಹಾಕಿಕೊಟ್ಟೆ. 2012ರ ಆಟ, ಫಿನ್ಲೆಂಡಿನದ್ದು. ಎರಡೇ ಪೆಡಲ್, ಗ್ಯಾಸು ಮತ್ತು ಬ್ರೇಕು. ಜೀಪಿಗೆ ಏರಿಸಲು ನಾಲ್ಕು ವಿಷಯ: ಇಂಜಿನ್, ಸಸ್ಪೆನ್ಷನ್, ಟೈರ್, ಫೋರ್ ವೀಲ್ ಡ್ರೈವ್. ಯಾವುದು ಏರಿಸಿದರೆ ಏನಾಗುತ್ತದೆ ಎಂದು ಮುಂದಿನ ಗುಡ್ಡದಲ್ಲೇ ಗೊತ್ತಾಗುತ್ತದೆ. ಇಂಜಿನ್ ಮಾತ್ರ ಏರಿಸಿದ ದಿನ ಜೀಪು ಹಿಂದಕ್ಕೆ ಮಗುಚಿತು. "ಅಮ್ಮಾ, ಗ್ಯಾಸು ಬಿಟ್ಟರೆ ಮೂತಿ ಕೆಳಗೆ ಬರ್ತದೆ" ಎಂದು ಅವನೇ ಕಂಡುಕೊಂಡ. ಮಂಡಲಪಟ್ಟಿ ಜೀಪುಗಳು ಏರಿನಲ್ಲಿ ಹೋಗುವುದನ್ನು ಈಗ ಬೇರೆಯೇ ಕಣ್ಣಿನಿಂದ ನೋಡುತ್ತಾನೆ.

ಸ್ಪ್ಯಾನರ್ (ಕುಶಾಲನಗರ)

ಕಿತ್ತಳೆ ಅಕ್ಕ, ನಿಮ್ಮ ಮಗ ಕಂಡುಕೊಂಡದ್ದೇ ಸರಿಯಾದ ಪಾಠ. ಗ್ಯಾಸು ಕೊಟ್ಟಾಗ ಭಾರ ಹಿಂದಕ್ಕೆ, ಬಿಟ್ಟಾಗ ಮುಂದಕ್ಕೆ. ದೊಡ್ಡ ದೊಡ್ಡ ರಾಲಿ ಡ್ರೈವರುಗಳು ತಿರುವಿಗೆ ಮೊದಲು ಗ್ಯಾಸು ಬಿಡುವುದೂ ಇದಕ್ಕೇ. ಮೂತಿಗೆ ಭಾರ ಬಂದರೆ ಮುಂದಿನ ಟೈರು ನೆಲ ಕಚ್ಚುತ್ತದೆ, ಆಗ ಸ್ಟೀರಿಂಗ್ ಮಾತು ಕೇಳುತ್ತದೆ. ಏಲಕ್ಕಿ ಅಕ್ಕನ ಚಿಕ್ಕಪ್ಪ ಬೆರಳು ಎತ್ತಿದ್ದೂ ಅದೇ ವಿದ್ಯೆ.

ಹೂಮಳೆ ಅಣ್ಣ, ಬೇಜಾರಿಲ್ಲ. ಅಂಕ ಏರಿಸುವ ಆಟ ನನಗೂ ಬೇಡ. ಅದರಲ್ಲಿ ಸ್ಪ್ಯಾನರ್ ಹಿಡಿದ ಹಾಗೇ ಅನಿಸುವುದಿಲ್ಲ, ಬಿಲ್ ಕಟ್ಟಿದ ಹಾಗೆ ಅನಿಸುತ್ತದೆ. ಆದರೂ ಒಂದು ಮಾತು ನಾನು ಬಿಡುವುದಿಲ್ಲ. ದಿನವೆಲ್ಲ ಓಡಿಸಿ ಬಂದವರಿಗೆ ರೋಡು ಸಾಕು. ದಿನವೆಲ್ಲ ಗಾಡಿಯ ಕೆಳಗೆ ಮಲಗಿ ಬಿಚ್ಚುವ ನನಗೆ, ಬಿಚ್ಚಿದ್ದು ಸರಿಯಾಗಿ ಕೂತರೆ ಸಿಗುವ ನೆಮ್ಮದಿಯೇ ಆಟ.

ಕಪ್ಪು ಬಾವುಟ (ಸೋಮವಾರಪೇಟೆ, ಈಗ ಮೈಸೂರು)

ಸ್ಪ್ಯಾನರ್, ನಿಮಗೆ ಆರ್ಟ್ ಆಫ್ ರಾಲಿ ಹೇಳುತ್ತೇನೆ. 2020ರದ್ದು. ಕಾರನ್ನು ಮೇಲಿನಿಂದ ನೋಡುತ್ತೇವೆ, ಆಟಿಕೆಯ ಹಾಗೆ ಚಿಕ್ಕದಾಗಿ ಕಾಣುತ್ತದೆ. ಬದಲಿಸಲು ಸಿಗುವುದು ಮೈಬಣ್ಣ ಅಷ್ಟೇ. ಆದರೆ ಓಡಿಸುವುದು ಸುಲಭ ಅಲ್ಲ. ಮಳೆ ಬಂದರೆ ಒಂದು ಥರ, ಕಲ್ಲುಮಣ್ಣಿಗೆ ಒಂದು ಥರ, ಹಿಮಕ್ಕೆ ಇನ್ನೊಂದು ಥರ. 1980ರ ದಶಕದ ಗ್ರೂಪ್ ಬಿ ಅನ್ನುವ ಭಾರೀ ಶಕ್ತಿಯ ರಾಲಿ ಕಾರುಗಳಿಗೆ ಸಿಕ್ಕ ಹಾಗೆ ಗ್ಯಾಸು ಕೊಟ್ಟರೆ ನೇರ ಮರಕ್ಕೆ. ಭಾರ ಹಿಂದೆ ಮುಂದೆ ಹೋಗುವ ನಿಮ್ಮ ಲೆಕ್ಕ ಪೂರ್ತಿ ಅದರಲ್ಲಿದೆ, ಮೆನು ಇಲ್ಲದೆ.

ನಮ್ಮ ಕಡೆ ಮಳೆಗಾಲದಲ್ಲಿ ತೋಟದೊಳಗೆ ಬೈಕ್ ಓಡಿಸಿದವರಿಗೆ ಆ ಆಟ ಬೇಗ ಒಗ್ಗುತ್ತದೆ ಅನ್ನುವುದು ನನ್ನ ಅನುಭವ.

ಸ್ಪ್ಯಾನರ್ (ಕುಶಾಲನಗರ)

ಇವತ್ತು ರಾತ್ರಿಯೇ ನೋಡುತ್ತೇನೆ. ಡೌನ್‌ಲೋಡ್ ಎಷ್ಟು ದೊಡ್ಡದು? ಇಲ್ಲಿ ಟವರ್ ಒಂದು ಕಡ್ಡಿ ತೋರಿಸುತ್ತಿದೆ.

ಕಪ್ಪು ಬಾವುಟ (ಸೋಮವಾರಪೇಟೆ, ಈಗ ಮೈಸೂರು)

ಈಗಿನ ದೊಡ್ಡ ರೇಸಿಂಗ್ ಆಟಗಳ ಹಾಗೆ 100 ಜಿಬಿ ಇಲ್ಲ, ಅದಕ್ಕಿಂತ ತುಂಬಾ ಚಿಕ್ಕದು. ರಾತ್ರಿ ಹಾಕಿ ಮಲಗಿ.

ಹೂಮಳೆ (ಸುಂಟಿಕೊಪ್ಪ)

ಇಷ್ಟು ಜನ ಸೇರಿದ್ದೇವೆ, ಒಂದು ಮಾತು ಕೇಳುತ್ತೇನೆ. ಬರುವ ಭಾನುವಾರ ನಮ್ಮ ಮನೆಗೆ ಬರ್ತೀರಾ? ಹಳೆಯ ಕಾಫಿ ಗೋಡೌನ್ ಖಾಲಿ ಇದೆ, ಟಿವಿ ಅಲ್ಲಿಗೆ ತರಿಸುತ್ತೇನೆ. ಬೆಳಗ್ಗೆ ಔಟ್‌ರನ್, ಹೊರೈಜನ್ ಚೇಸ್. ಮಧ್ಯಾಹ್ನ ಸ್ಪ್ಯಾನರ್ ತನ್ನ ಗ್ರಾನ್ ಟುರಿಸ್ಮೊ ತರಲಿ, ಆ ಫೈನಲ್ ಗೇರ್ ಏನು ಮಾಡುತ್ತದೆ ಎಂದು ನನಗೂ ನೋಡಬೇಕು. ಅಮ್ಮ ಕಡಬು ಮಾಡ್ತಾರಂತೆ. ಕರೆಂಟ್ ಹೋದರೆ ಇನ್ವರ್ಟರ್ ಎರಡು ಗಂಟೆ ತಡೆಯುತ್ತದೆ.

ಸ್ಪ್ಯಾನರ್ (ಕುಶಾಲನಗರ)

ಪಿಎಸ್2, ಎರಡು ಕಂಟ್ರೋಲರ್, ಮೆಮೊರಿ ಕಾರ್ಡ್ ನನ್ನ ಜವಾಬ್ದಾರಿ. ಇನ್ವರ್ಟರ್ ಬ್ಯಾಟರಿಗೆ ನೀರು ಹಾಕಿ ಎಷ್ಟು ದಿನ ಆಯ್ತು ಅಣ್ಣ? ಅದನ್ನೂ ನೋಡಿಕೊಡುತ್ತೇನೆ.

ಗಣಿತ ಮೇಷ್ಟ್ರು (ಪೊನ್ನಂಪೇಟೆ)

ಮೊಮ್ಮಗಳನ್ನು ಕರೆದುಕೊಂಡು ಬರುತ್ತೇನೆ. ಟೈಮ್ ಬರೆದಿಡುವ ಕೆಲಸ ನನಗಿರಲಿ.

ಏಲಕ್ಕಿ (ನಾಪೋಕ್ಲು)

ಚಿಕ್ಕಪ್ಪನಿಗೆ ಫೋನ್ ಮಾಡಿದೆ. "ಆ ರೋಡು ಕಾಣುವ ಆಟ ಉಂಟಾ?" ಅಂತ ಕೇಳಿದರು. ಉಂಟು ಅಂದೆ. ಬೆಳಗ್ಗೆ ಏಳಕ್ಕೇ ಹೊರಡುತ್ತಾರಂತೆ, ದಾರಿಯಲ್ಲಿ ಮರ ಬಿದ್ದಿದ್ದರೆ ಅಂತ ಕತ್ತಿ ಜೀಪಿನಲ್ಲಿ ಈಗಲೇ ಇಟ್ಟಿದ್ದಾರೆ.